ಆಕಳು ಮೂಸಿ ಬಿಟ್ಟ ರೊಟ್ಟಿ

ನಮ್ಮ ವ್ಯಾನಿಗೆ ಡೀಸೆಲ್ ಹಾಕಿಸುವುದೆಂದರೆ ನಾಲ್ಕು ಮಂದಿಯೆದುರು ಸೆರಗು ಜಾರಿದಷ್ಟು ನಾಚಿಕೆಯ ಕೆಲಸವಾಗಿತ್ತು. ಪಂಪಿನವನು ನಳಿಗೆ ಇಟ್ಟು ಒತ್ತಿದ ಸ್ವಲ್ಪ ಹೊತ್ತಿಗೇ ಟಾಕಿಯ ಬಾಯೊಳಗೆ ಗುಳುಗುಳು ಸದ್ದಾಗುತ್ತಿತ್ತು. ಆಮೇಲೆ ಎಳೆಗೂಸು ಹಾಲು ಕಕ್ಕಿದ ಹಾಗೆ ಡೀಸೆಲ್ ಹೊರಗೆ ಉಕ್ಕುತ್ತಿತ್ತು. ಅವನ ಕೈಮೇಲೆ, ವ್ಯಾನಿನ ಮೈಮೇಲೆ, ನೆಲದ ಮೇಲೆ. ಹಿಂದೆ ನಿಂತ ಬೈಕಿನವರು ಕಾಲೆತ್ತಿಕೊಂಡು ಹಿಂದಕ್ಕೆ ಸರಿಯುವರು. ಒಬ್ಬ ಮರಳಿನ ಬಕೀಟು ಹಿಡಿದು ಓಡಿ ಬರುವನು. ನಾನು ಸ್ಟೇರಿಂಗ್ ಹಿಡಿದು, ಮುಂದಿನ ಗಾಜಿನಾಚೆ ಏನೋ ಘನಂದಾರಿ ವಸ್ತು ಕಾಣುತ್ತಿದೆ ಎಂಬಂತೆ ನೋಡುತ್ತ ಕೂತಿರುತ್ತಿದ್ದೆ. ನನ್ನ ಜನ್ಮದ ನಾಚಿಕೆಯೆಲ್ಲ ಆ ಪಂಪಿನಲ್ಲೇ ಮುಗಿಯಿತು ಅಂದುಕೊಂಡಿದ್ದೆ ಆಗ.

ನಾನು ನಿಲಂಗಾದ ಸೊಸೆ. ತವರು ಗಡಿಯಾಚೆ ಕರ್ನಾಟಕದ ಭಾಲ್ಕಿ ಕಡೆಯದು. ಗಂಡನದು ಪೇಟೆಯಲ್ಲಿ ಕಿರಾಣಿ ಅಂಗಡಿ. ಮನೆಯಲ್ಲಿ ನಾವಿಬ್ಬರು, ಮತ್ತೆ ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ. ಆಕೆಯನ್ನು ನಾನು ಬಂದ ದಿನದಿಂದ ಅಕ್ಕ ಎಂದೇ ಕರೆಯುತ್ತೇನೆ. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಅಕ್ಕ ಜೋಳದ ಖಡಕ್ ರೊಟ್ಟಿ ಬಡಿಯುತ್ತಾಳೆ, ನಾನು ಶೇಂಗಾದ ಚಟ್ನಿಪುಡಿ, ನಮ್ಮ ಮಾತಿನಲ್ಲಿ ಶೇಂಗಾ ಹಿಂಡಿ, ಮತ್ತೆ ಮಸಾಲಿ ಖಾರ ಮಾಡುತ್ತೇನೆ. ಮದುವೆ, ತೊಟ್ಟಿಲು, ಮನೆಯೊಕ್ಕಲು ಏನಿದ್ದರೂ ಉಮರ್ಗಾದಿಂದ ಉದಗೀರದವರೆಗೆ ಮಂದಿ ನಮಗೆ ಹೇಳಿ ಕಳಿಸುತ್ತಾರೆ. ಗಂಡನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದ ಮೇಲೆ ಆ ಹಳೆಯ ವ್ಯಾನನ್ನು ಹೊಡೆಯಲು ನಾನೇ ಕಲಿತೆ. ಪೇಟೆಯಲ್ಲಿ ಮೊದಮೊದಲು ನಕ್ಕರು. ನನ್ನ ಬಾಯಿ ಸಣ್ಣದಲ್ಲ, ನಕ್ಕವರಿಗೆ ಅಲ್ಲಲ್ಲೇ ಕೊಟ್ಟೆ, ನಗು ನಿಂತಿತು.

ಅಕ್ಕನ ಕೈಯ ಬಗ್ಗೆ ಹೇಳಬೇಕು. ಸಣ್ಣ ಕೈ, ಬೆರಳು ಗಿಡ್ಡ. ಹಿಟ್ಟಿನ ಉಂಡೆ ಇಟ್ಟು ಬಡಿಯತೊಡಗಿದಳೆಂದರೆ ಪಡಸಾಲೆಯಲ್ಲಿ ಕೂತವರಿಗೂ ಆ ತಾಳ ಕೇಳುತ್ತದೆ, ಒಂದು ಏಟು ಹೆಚ್ಚಿಲ್ಲ, ಒಂದು ಏಟು ಕಡಿಮೆಯಿಲ್ಲ. ರೊಟ್ಟಿ ಹಪ್ಪಳದಷ್ಟು ತೆಳ್ಳಗೆ, ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣಬೇಕು. ತಿಂಗಳಿಟ್ಟರೂ ಮುಗ್ಗುವುದಿಲ್ಲ. ಆಕೆ ಶಾಲೆಗೆ ಹೋದವಳಲ್ಲ, ಊರು ತಿರುಗಿದವಳಲ್ಲ, ಮಕ್ಕಳಿಲ್ಲ. ಮೊಣಕಾಲು ನೋವಿನಿಂದ ಹೊಸ್ತಿಲು ಇಳಿಯುವುದೂ ಅಪರೂಪ. ಆದರೆ ಉದಗೀರದಲ್ಲಿ ಯಾವುದೋ ಮನೆಯ ಪಂಕ್ತಿಯಲ್ಲಿ ಕೂತ ಅಪರಿಚಿತರು ಒಂದು ತುಣುಕು ಮುರಿದು ಬಾಯಿಗಿಟ್ಟು, ಇದು ನಿಲಂಗಾದ ಆಕೀ ರೊಟ್ಟಿ ಹೌದಲ್ಲ ಅನ್ನುತ್ತಾರೆ. ಆ ಮಾತನ್ನು ನಾನು ಮನೆಗೆ ಬಂದು ಹೇಳಿದ ದಿನ ಅಕ್ಕನ ಕೈಯಿಂದ ರಾತ್ರಿ ಊಟಕ್ಕೆ ನನ್ನ ತಾಟಿಗೆ ಒಂದು ಚಮಚ ತುಪ್ಪ ಜಾಸ್ತಿ ಬೀಳುತ್ತಿತ್ತು.

ಇನ್ನು ನನ್ನ ಮೂಗಿನ ಮಾತು. ಕೊರೊನಾ ನಮ್ಮ ಮನೆಗೂ ಬಂದು ಹೋಯಿತು. ಉಳಿದಿಬ್ಬರೂ ಗುಣವಾದರು, ನಾನೂ ಗುಣವಾದೆ, ನನ್ನ ಮೂಗು ಮಾತ್ರ ಸತ್ತಿತು. ಇವತ್ತು ಬಂದೀತು ನಾಳೆ ಬಂದೀತು ಎಂದು ಕಾದೆ. ಒಗ್ಗರಣೆಗೆ ಮುಖ ಹಿಡಿದೆ, ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಒತ್ತಿಕೊಂಡೆ. ಕಲ್ಲು ಮೂಸಿದ ಹಾಗೆ. ಯಾರಿಗೂ ಹೇಳಲಿಲ್ಲ. ಶೇಂಗಾ ಹುರಿಯುವಾಗ ಯಾವಾಗ ಇಳಿಸಬೇಕು, ಕೊಬ್ಬರಿ ಕಮಟು ಹಿಡಿದಿದೆಯೇ ಇಲ್ಲವೇ, ಖಾರಕ್ಕೆ ಮಸಾಲೆ ಸಾಲದೇ ಹೆಚ್ಚೇ, ಎಲ್ಲ ಮೂಗು ಹೇಳಬೇಕು. ಮೂಗು ಹೋಯಿತೆಂದರೆ ನಾನು ಬರೀ ಡ್ರೈವರ್. ಹಾಗಾಗಿ ಕಣ್ಣಳತೆಯಲ್ಲಿ ಹುರಿದೆ, ಕೈಯಳತೆಯಲ್ಲಿ ಬೆರೆಸಿದೆ. ಯಾರೂ ಏನೂ ಅನ್ನಲಿಲ್ಲ. ಪರವಾಗಿಲ್ಲ, ಮೂಗಿಲ್ಲದೆಯೂ ನಡೆಯುತ್ತದೆ ಎಂದು ಒಳಗೊಳಗೇ ಬೀಗಿದೆ ಕೂಡ.

ನಮ್ಮ ಕಡೆ ಗಾಡಿಯಿದ್ದವರಿಗೆಲ್ಲ ಒಂದು ಚಟವಿದೆ. ಗಡಿಯಾಚೆ ಕರ್ನಾಟಕದ ಪಂಪಿನಲ್ಲಿ ಡೀಸೆಲ್ ಸ್ವಲ್ಪ ಅಗ್ಗ. ಆದ್ದರಿಂದ ಯಾವುದೋ ನೆಪ ಮಾಡಿ ಆಚೆ ಹೋಗುವುದು, ಕಂಠಮಟ್ಟ ತುಂಬಿಸಿಕೊಂಡು ಬರುವುದು. ಕಂಠಮಟ್ಟ ಎಂದರೆ ಬರೀ ಬಾಯಿಮಾತಲ್ಲ. ನಳಿಗೆ ತಾನಾಗಿ ಟಕ್ಕೆಂದು ನಿಂತ ಮೇಲೂ ಬಿಡುವುದಿಲ್ಲ. ಇಳಿದು ಗಾಡಿಯ ಬಂಪರ್ ಹಿಡಿದು ತೊಟ್ಟಿಲು ತೂಗಿದಂತೆ ತೂಗುತ್ತೇವೆ. ಒಳಗಿನ ಗುಳ್ಳೆ ಮೇಲೆ ಬಂದು ಇನ್ನೂ ಒಂದಿಷ್ಟು ಹಿಡಿಯುತ್ತದೆ ಎಂಬ ಲೆಕ್ಕ. ನೆಂಟರಿಗೆ ಬೇಡ ಬೇಡವೆಂದರೂ ತಾಟಿಗೆ ಬಡಿಸುವ ಮಂದಿ ನಾವು, ಗಾಡಿಗೂ ಹಾಗೇ ಬಡಿಸುತ್ತೇವೆ. ಇದರಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ. ಸೀರೆ ಸಿಕ್ಕಿಸಿ ಇಳಿದು ವ್ಯಾನ್ ತೂಗುವ ಹೆಂಗಸು ಆ ಪಂಪಿನಲ್ಲಿ ನಾನೊಬ್ಬಳೇ.

ವ್ಯಾನು ಮೊದಲು ಹೀಗೆ ಕಕ್ಕುತ್ತಿರಲಿಲ್ಲ. ರಸ್ತೆಯ ಗುಂಡಿಗಳಲ್ಲಿ ಬುಟ್ಟಿ ಕುಣಿದು ರೊಟ್ಟಿ ಮುರಿಯುತ್ತಿವೆ ಎಂದು ನಾನು ಹಿಂದಿನ ಸೀಟು ತೆಗೆಸಿದೆ. ಬಡಗಿಯನ್ನು ಕರೆದು ಅಲ್ಲಿ ಒಂದು ದಪ್ಪ ಹಲಗೆ ಕೂರಿಸಿ ಬೋಲ್ಟು ಬಿಗಿಸಿದೆ. ಹಲಗೆಯ ಕೆಳಗೆ ಮೆತ್ತಗಿರಲಿ ಎಂದು ಗೋಣಿತಟ್ಟು ಹಾಸಿದೆ. ರೊಟ್ಟಿ ಮುರಿಯುವುದು ನಿಂತಿತು. ಡೀಸೆಲ್ ಉಕ್ಕುವುದು ಶುರುವಾಗಿದ್ದೂ ಸುಮಾರು ಆ ದಿನಗಳಲ್ಲೇ. ಎರಡಕ್ಕೂ ಸಂಬಂಧವಿದೆಯೆಂದು ನನಗೆ ಹೊಳೆಯಲಿಲ್ಲ. ತಪ್ಪೆಲ್ಲ ಪಂಪಿನವನದೇ, ಜೋರಾಗಿ ಒತ್ತುತ್ತಾನೆ ಅಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಪ್ರತಿ ಸಲ ಅವನ ಜೊತೆ ಜಗಳ. ಕಡೆಕಡೆಗೆ ನಮ್ಮ ವ್ಯಾನ್ ರಸ್ತೆಯಿಂದ ಒಳಗೆ ತಿರುಗಿದ ಕೂಡಲೇ ಅವನು ಮರಳಿನ ಬಕೀಟನ್ನು ಮೊದಲೇ ತಂದಿಟ್ಟು ನಿಲ್ಲುತ್ತಿದ್ದ.

ಒಂದು ದಿನ ಒಬ್ಬ ಹಿರಿಯರು ಹಾಲಿನಂಥ ಧೋತರ ಉಟ್ಟುಕೊಂಡು, ಎಲ್ಲಿಯೋ ಹೆಣ್ಣು ನೋಡಲು ಹೊರಟವರು, ಪಕ್ಕದಲ್ಲಿ ನಿಂತಿದ್ದರು. ನಮ್ಮ ವ್ಯಾನಿನ ಪ್ರಸಾದ ಅವರ ಧೋತರಕ್ಕೆ ಮೊಣಕಾಲವರೆಗೆ ಸಿಡಿಯಿತು. ಅವರು ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಇರಲಿ ತಾಯಿ, ಬೇಕಂತ ಮಾಡಿದ್ದಲ್ಲವಲ್ಲ ಎಂದು ಧೋತರ ಹಿಂಡಿಕೊಂಡು ಹೋದರು. ಅವತ್ತು ಅಲ್ಲಿಂದ ಗಡಿ ಬರುವವರೆಗೆ ನನ್ನ ಕಿವಿ ಬಿಸಿಯಾಗಿಯೇ ಇತ್ತು. ಆದರೂ ಗಾಡಿಯನ್ನು ಯಾರಿಗೂ ತೋರಿಸಲಿಲ್ಲ. ಹಳೇ ಗಾಡಿಗೆ ಇದೆಲ್ಲ ಇದ್ದದ್ದೇ ಎಂದು ಬಿಟ್ಟೆ.

ಒಮ್ಮೆ ಗಂಡ ಜೊತೆಗೆ ಬಂದರು. ಕೂತವರೇ ಕಿಟಕಿ ಇಳಿಸಿ, ಡೀಸೆಲ್ ನಾತ ಬಹಳ ಇದೆಯಲ್ಲ ಅಂದರು. ನನಗೆ ಬರುತ್ತಿಲ್ಲ ಎಂದು ಹೇಳುವ ಹಾಗಿಲ್ಲ. ಡೀಸೆಲ್ ಗಾಡಿ ಮತ್ತೇನು ಮಲ್ಲಿಗೆ ನಾತ ಹೊಡೆಯಬೇಕೇನು ಎಂದು ನಾನೇ ಅವರ ಬಾಯಿ ಮುಚ್ಚಿಸಿದೆ. ಅವರು ನಕ್ಕರು, ಮಾತು ಅಲ್ಲಿಗೆ ಮುಗಿಯಿತು. ಹಿಂದೆ ಹಲಗೆಯ ಮೇಲೆ, ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿದ ಅಕ್ಕನ ರೊಟ್ಟಿಗಳು ಬುಟ್ಟಿಯಲ್ಲಿ ಕೂತಿದ್ದವು. ಖಡಕ್ ರೊಟ್ಟಿ ಒಣಗಿದ್ದಲ್ಲವೇ, ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಎಳೆದುಕೊಂಡುಬಿಡುತ್ತದೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಅದಕ್ಕೇ ಉಳ್ಳಾಗಡ್ಡಿ ಬುಟ್ಟಿಯ ಹತ್ತಿರವೂ ಅಕ್ಕ ರೊಟ್ಟಿ ಇಡಗೊಡುತ್ತಿರಲಿಲ್ಲ.

ಅಕ್ಕನಿಗೆ ಗೊತ್ತಾಗುವ ಹಾದಿಯೇ ಇರಲಿಲ್ಲ. ನಮ್ಮ ಓಣಿ ಇಕ್ಕಟ್ಟು, ವ್ಯಾನ್ ನಿಲ್ಲುವುದು ಅಂಗಡಿಯ ಹಿಂದೆ. ಬುಟ್ಟಿಗಳೂ ವ್ಯಾನಿನಲ್ಲೇ ಇರುತ್ತಿದ್ದವು. ನಾನು ರೊಟ್ಟಿಯನ್ನು ಮನೆಯಿಂದ ಒಯ್ದು ಅಲ್ಲೇ ಪೇರಿಸುತ್ತಿದ್ದೆ. ಮರಳಿ ಬಂದ ಬಟ್ಟೆಗಳನ್ನು ಸೋಡಾ ನೀರಲ್ಲಿ ನೆನೆಹಾಕುವವಳೂ ನಾನೇ. ಅಕ್ಕನ ಕೈಯಿಂದ ಹೊರಟ ರೊಟ್ಟಿ ಹೂವಿನಂತೆ ಹೊರಡುತ್ತಿತ್ತು. ಕೆಡುತ್ತಿದ್ದುದು ನನ್ನ ಕೈಗೆ ಬಂದ ಮೇಲೆ.

ಕರೆಗಳು ಕಡಿಮೆಯಾಗತೊಡಗಿದವು. ಈ ಸಲ ಬ್ಯಾಡ್ರೀ, ಬೀಗರು-ಪಾವಣ್ಯಾರು ಕಡಿಮಿ ಅಂದರು ಒಂದು ಮನೆಯವರು. ಈ ಸಲ ಪೂರಿ ಮಾಡಿಸ್ತೀವಿ ಅಂದರು ಇನ್ನೊಂದು ಮನೆಯವರು. ನಮ್ಮ ಮಂದಿಗೆ ಉಂಡ ಮನೆಯ ಜಂತೆ ಎಣಿಸುವ ಚಾಳಿಯಿಲ್ಲ. ಅನ್ನದಲ್ಲಿ ಕಲ್ಲು ಸಿಕ್ಕರೂ ನಾಲಗೆಯ ಕೆಳಗೆ ಇಟ್ಟುಕೊಂಡು, ಕೈ ತೊಳೆಯುವಾಗ ಉಗುಳುತ್ತಾರೆ. ನಾನು ಒಬ್ಬರನ್ನು ಹಿಡಿದು ನಿಲ್ಲಿಸಿ, ಏನಾಗಿದೆ ಖರೇ ಹೇಳ್ರಿ ಎಂದು ಒತ್ತಾಯ ಮಾಡಿದೆ. ಆ ಹೆಣ್ಣುಮಗಳು ನೆಲ ನೋಡುತ್ತ, ರುಚಿ ಮೊದಲಿನಂಗ ಇಲ್ಲ ಅನಸ್ತದ್ರೀ ಎಂದು ಒಳಗೆ ಹೋದಳು. ಅದಕ್ಕಿಂತ ಹೆಚ್ಚು ಹೇಳುವುದು ಆಕೆಗೆ ಆಗಲಿಲ್ಲ.

ನಾನು ಆ ಮಾತನ್ನು ಬಿಸಿಬಿಸಿಯಾಗಿ ಹೊತ್ತು ತಂದೆ. ದಾರಿಯಲ್ಲಿ ತಣ್ಣಗಾಗಲೂ ಬಿಡಲಿಲ್ಲ. ಅಕ್ಕ ಒಲೆಯ ಮುಂದೆ ಕೂತಿದ್ದಳು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಬಾಗಿಲಲ್ಲಿ ನಿಂತು ಹೇಳಿದೆ.

"ಅಕ್ಕಾ, ಮಂದಿ ಬ್ಯಾಡ ಅನ್ಲಿಕತ್ಯಾರ. ನಿಮ್ಮ ಕೈ ಮೊದಲಿನಂಗ ಉಳಿದಿಲ್ಲ ನೋಡ್ರಿ."

ಬಡಿಯುತ್ತಿದ್ದ ಕೈ ನಿಂತಿತು. ಅರ್ಧ ಹರಡಿದ ರೊಟ್ಟಿ ಹಾಗೇ ಇತ್ತು. ಅಕ್ಕ ಹೌದೇನು ಎಂದಳು, ಅಷ್ಟೇ. ಆಮೇಲೆ ಆ ರೊಟ್ಟಿಯನ್ನು ಮುಗಿಸಿ ಹಂಚಿಗೆ ಹಾಕಿದಳು. ನನಗೆ ಸಿಟ್ಟು ಬಂದರೆ ಆಡಿದ ಮೇಲೆ ಹಗುರಾಗುತ್ತದೆ, ನಾನು ಹಗುರಾಗಿ ಚಹಾ ಮಾಡಲು ಹೋದೆ.

ಅವತ್ತಿನಿಂದ ಅಕ್ಕ ತನ್ನ ಕೈಯನ್ನು ತಾನೇ ಅನುಮಾನಿಸತೊಡಗಿದಳು. ಬಿಳಿಜೋಳ ಬಿಟ್ಟು ಬೇರೆ ಜೋಳ ತರಿಸಿದಳು. ಹಿಟ್ಟಿಗೆ ಹಾಕುವ ನೀರು ಬದಲಿಸಿದಳು, ಹಂಚನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ಸವೆಸಿದಳು. ಕೈಯನ್ನು ಶೀಗೆಪುಡಿಯಲ್ಲಿ ತೊಳೆದಳು, ಕಡಲೆಹಿಟ್ಟಿನಲ್ಲಿ ತೊಳೆದಳು, ನಿಂಬೆಹೋಳು ಉಜ್ಜಿದಳು. ವಯಸ್ಸಾದವರ ಕೈಗೆ ಒಂದು ವಾಸನೆ ಬರುತ್ತದಂತೆ, ಆಕೆಗೆ ಯಾರೋ ಎಂದೋ ಹೇಳಿದ್ದು ನೆನಪಾಗಿರಬೇಕು. ಹಿಟ್ಟಿಗೆ ಕೈ ಹಾಕುವ ಮೊದಲು ಅಂಗೈಯನ್ನು ಮೂಗಿನ ಹತ್ತಿರ ಒಯ್ದು ಮೂಸಿ ನೋಡುತ್ತಿದ್ದಳು. ನಾನು ನೋಡಿಯೂ ನೋಡದ ಹಾಗಿದ್ದೆ. ಸುಧಾರಿಸಿಕೊಳ್ಳಲಿ ಎಂದೇ ಅಂದುಕೊಂಡೆ, ಆ ಮಾತಾಡಿದ ನನ್ನ ನಾಲಗೆಗೆ ಶಿವ ಹುಳ ಹಾಕಲಿಲ್ಲ.

ಶ್ರಾವಣ ಹತ್ತಿರ ಬಂತು. ಶ್ರಾವಣದಲ್ಲಿ ಮಠದ ದಾಸೋಹಕ್ಕೆ ನಮ್ಮ ಮನೆಯಿಂದ ರೊಟ್ಟಿ ಹೋಗುವುದು ಅತ್ತೆಯ ಕಾಲದ ನಡವಳಿಕೆ. ಆ ರೊಟ್ಟಿಯನ್ನು ಅಕ್ಕ ಯಾರ ಕೈಗೂ ಕೊಡದೆ, ಉಪವಾಸವಿದ್ದು, ಒಬ್ಬಳೇ ಬಡಿಯುತ್ತಾಳೆ. ಜೋಳ ಬೀಸಿಸಲೇ ಎಂದು ನಾನು ಕೇಳಿದ್ದಕ್ಕೆ ಆಕೆ ಬೇಡ ಅಂದಳು. ಕೆಟ್ಟ ಕೈಯ ರೊಟ್ಟಿ ಮನೆಯವರು ತಿನ್ನಬಹುದು, ಜಂಗಮರ ಮುಂದೆ ಇಡಬಾರದು, ಈ ವರ್ಷದಿಂದ ಅಕ್ಕಿ ಕಳಿಸಿಬಿಡೋಣ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಲ್ಲದ ಅಕ್ಕನ ಮಾತಿಗೆ ಎದುರು ಮಾತಾಡುವುದು ನನಗೆ ಇವತ್ತಿಗೂ ಬರುವುದಿಲ್ಲ.

ಅದೇ ವಾರ ಉದಗೀರದಲ್ಲಿ ಒಂದು ಬಟ್ಟೆ ವ್ಯಾಪಾರಿಗಳ ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮ. ನಮ್ಮನ್ನು ಬಿಡದೆ ಉಳಿದಿದ್ದ ಕೆಲವೇ ಮನೆಗಳಲ್ಲಿ ಅದೊಂದು. ಬುಟ್ಟಿ ಇಳಿಸಿ, ಚಹಾ ಕುಡಿದು, ಬಸ್ ಸ್ಟ್ಯಾಂಡ್ ತನಕ ಬಂದ ಮೇಲೆ ಹಿಂಡಿಯ ಡಬ್ಬಿ ವ್ಯಾನಿನಲ್ಲೇ ಉಳಿದದ್ದು ನೋಡಿದೆ. ತಿರುಗಿ ಹೋದೆ. ಮುಂದಿನ ಬಾಗಿಲಲ್ಲಿ ಬೀಗರು ತುಂಬಿದ್ದರು, ಹಿತ್ತಲಿಂದ ಹೋದೆ. ಅಲ್ಲಿ ಆ ಮನೆಯ ಹಿರಿಸೊಸೆ ನಮ್ಮ ಬಿಳಿ ಬಟ್ಟೆ ಬಿಚ್ಚಿ, ರೊಟ್ಟಿಗಳನ್ನು ಆಕಳ ಮುಂದೆ ಮುರಿದು ಹಾಕುತ್ತಿದ್ದಳು. ದೇವಣಿ ಆಕಳು, ಬಿಳಿಮೈಗೆ ದೊಡ್ಡ ಕಪ್ಪು ಮಚ್ಚೆ. ಅದು ಕತ್ತು ಚಾಚಿ ಮೂಸಿತು. ಫುಸ್ಸೆಂದು ಮೂಗಿನಿಂದ ಗಾಳಿ ಬಿಟ್ಟು ಮುಖ ತಿರುಗಿಸಿತು. ಆಕೆ ಇನ್ನೊಂದು ತುಣುಕನ್ನು ಬಾಯಿಯ ಹತ್ತಿರ ಒಯ್ದಳು. ಆಕಳು ಹಗ್ಗ ಇರುವಷ್ಟು ಹಿಂದಕ್ಕೆ ಸರಿದು ನಿಂತಿತು.

ನನಗೆ ಮೊದಲು ಬಂದದ್ದು ಸಿಟ್ಟೇ. ಅಕ್ಕ ಬಡಿದ ರೊಟ್ಟಿಯನ್ನು ದನಕ್ಕೆ ಹಾಕುತ್ತಾರಲ್ಲ ಎಂದು. ಏನ್ರೀ ಇದು ಎಂದು ಗಟ್ಟಿಯಾಗಿಯೇ ಕೇಳಿದೆ. ಆಕೆ ತಿರುಗಿ ನನ್ನನ್ನು ನೋಡಿದಳು. ಕದ್ದವಳು ಸಿಕ್ಕಿಬಿದ್ದ ಹಾಗೆ ಆ ಪುಣ್ಯಾತ್ಮಳ ಮುಖ ಬಿಳಿಚಿತು. ನನ್ನ ಕೈ ಹಿಡಿದು ಬಾವಿಕಟ್ಟೆಯ ಹತ್ತಿರ ಕರೆದೊಯ್ದಳು.

"ಹೇಳಬಾರದಂತ ಇದ್ದೆವ್ರೀ ವೈನಿ. ನಿಮ್ಮ ರೊಟ್ಟಿ ಡೀಸೆಲ್ ನಾತ ಹೊಡೀತಾವ. ಇವತ್ತಿಂದಲ್ಲ, ಭಾಳ ದಿನದಿಂದ."

ಮತ್ತೆ ಯಾಕೆ ತರಿಸಿದಿರಿ ಎಂದು ಕೇಳಿದೆ. ನಿಮ್ಮ ಅಕ್ಕನ ರೊಟ್ಟಿ ನಮ್ಮ ಅತ್ತೆಯ ಕಾಲದಿಂದ ಬರುತ್ತಿವೆ, ಬೇಡವೆಂದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಎಂದು ತರಿಸುತ್ತಿದ್ದೆವು ಅಂದಳು. ಬಿಸಿಲಿಗೆ ಹಾಕಿ ನೋಡಿದ್ದರಂತೆ, ಗಾಳಿಗೆ ಆರಿಸಿ ನೋಡಿದ್ದರಂತೆ, ನಾತ ಹೋಗಿರಲಿಲ್ಲ. ಪಂಕ್ತಿಯಲ್ಲಿ ಬೇರೆ ರೊಟ್ಟಿ ಬಡಿಸಿ, ನಮ್ಮವನ್ನು ಹೀಗೆ ಹಿತ್ತಲಲ್ಲಿ ಮುಗಿಸುತ್ತಿದ್ದರಂತೆ. ಆದರೆ ಆಕಳೂ ತಿನ್ನುವುದಿಲ್ಲ ಎಂದಳು. ಇಷ್ಟೆಲ್ಲ ಮನೆಗಳ ಇಷ್ಟೆಲ್ಲ ಮಂದಿ ನನ್ನಿಂದ ಮುಚ್ಚಿಟ್ಟದ್ದನ್ನು ಆ ಆಕಳು ಒಂದು ಗಳಿಗೆಯಲ್ಲಿ ಹೇಳಿಬಿಟ್ಟಿತ್ತು. ಆಕಳಿಗೆ ದಾಕ್ಷಿಣ್ಯವಿಲ್ಲ.

ಹಿಂಡಿಯ ಡಬ್ಬಿ ಅಲ್ಲೇ ಕಟ್ಟೆಯ ಮೇಲಿಟ್ಟು ಹೊರಬಿದ್ದೆ. ವ್ಯಾನಿನ ಹಿಂಬಾಗಿಲು ತೆರೆದು, ಹಲಗೆಯ ಕೆಳಗೆ ಕೈ ಹಾಕಿ ಗೋಣಿತಟ್ಟು ಹಿಂಡಿದೆ. ಬೆರಳ ಸಂದಿನಿಂದ ಡೀಸೆಲ್ ಇಳಿಯಿತು. ಮೂಗಿಗೆ ಒತ್ತಿಕೊಂಡೆ, ಏನೂ ಇಲ್ಲ. ಅಲ್ಲಿಯೇ ರಸ್ತೆಯ ಬದಿಗೆ ಕೂತು ಅತ್ತೆ. ಮಂದಿ ನೋಡುತ್ತಿದ್ದರು, ನೋಡಲಿ. ಪಂಪಿನಲ್ಲಿ ಮಂದಿ ನೋಡಿದರೆ ನಾಚಿಕೆ ಅನ್ನುತ್ತಿದ್ದೆನಲ್ಲ, ಅದು ನಾಚಿಕೆಯೇ ಅಲ್ಲ. ಅಕ್ಕ ಅಂಗೈ ಮೂಸಿಕೊಳ್ಳುವುದು ಕಣ್ಣ ಮುಂದೆ ಬರುತ್ತಿತ್ತು, ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ನೇರ ಮನೆಗೆ ಹೋಗಿ ಅಕ್ಕನ ಕಾಲು ಹಿಡಿದೆ ಎಂದು ಬರೆಯಬೇಕು. ಹಾಗಾಗಲಿಲ್ಲ. ಮನೆಗೆ ಹೋಗಿ ತಲೆನೋವು ಎಂದು ಮಲಗಿದೆ. ಮರುದಿನ ಗುಂಜೋಟಿಗೆ ಹೋಗಿ ಜೋಳ ನೋಡಿಕೊಂಡು ಬರುತ್ತೇನೆಂದು ಸುಳ್ಳು ಹೇಳಿ, ಉಮರ್ಗಾದ ಗ್ಯಾರೇಜಿಗೆ ವ್ಯಾನ್ ಒಯ್ದೆ. ಮೊದಲು ಗಾಡಿ ನೆಟ್ಟಗಾಗಲಿ, ಆಮೇಲೆ ಹೇಳಿದರಾಯಿತು ಎಂದು. ಹೇಡಿಗೆ ಯಾವಾಗಲೂ ಮೊದಲು ಮಾಡಲು ಬೇರೆ ಒಂದು ಕೆಲಸ ಸಿಗುತ್ತದೆ.

ಗ್ಯಾರೇಜಿನವನು ಬಾಯಿಬಡುಕ, ಅರ್ಧ ಮರಾಠಿ ಅರ್ಧ ಕನ್ನಡ. ಟಾಕಿಯೇ ಹೋಗಿದೆ ಮಾವಶಿ, ಹೊಸದು ಹಾಕಬೇಕು ಎಂದು ನೋಡುವ ಮೊದಲೇ ಹೇಳಿದ. ಮೊದಲು ಹಲಗೆ ಬಿಚ್ಚು ಎಂದು ನಾನು ಗದರಿದೆ. ಬಿಚ್ಚಿದಾಗ ಎಲ್ಲ ಕಂಡಿತು. ಡೀಸೆಲ್ ಸುರಿಯುವ ಬಾಯಿಂದ ಟಾಕಿಗೆ ಒಂದು ದಪ್ಪ ರಬ್ಬರ್ ನಳಿ ಹೋಗುತ್ತದೆ. ಅದರ ಪಕ್ಕದಲ್ಲೇ ಬೆರಳು ಗಾತ್ರದ ಇನ್ನೊಂದು ನಳಿ. ಡೀಸೆಲ್ ಒಳಗೆ ಇಳಿದ ಹಾಗೆ ಟಾಕಿಯೊಳಗಿನ ಗಾಳಿ ಹೊರಗೆ ಬರಬೇಕಾದದ್ದು ಆ ಸಣ್ಣ ನಳಿಯಿಂದ. ನನ್ನ ಹಲಗೆಯ ಬೋಲ್ಟು ಆ ಸಣ್ಣ ನಳಿಯನ್ನು ಚಪ್ಪಟೆಯಾಗಿ ಒತ್ತಿಕೊಂಡು ಕೂತಿತ್ತು. ಗಾಳಿಗೆ ಹಾದಿಯಿಲ್ಲ, ಅದಕ್ಕೇ ಡೀಸೆಲ್ ತಿರುಗಿ ಕಕ್ಕುತ್ತಿತ್ತು. ಮೇಲಿಂದ ನಾನು ಕಂಠಮಟ್ಟ ತುಂಬಿಸಿ ತೂಗಿ ತೂಗಿ, ದಪ್ಪ ನಳಿಯ ಹಳೆಯ ರಬ್ಬರು ಬುಡದಲ್ಲಿ ಸೀಳಿತ್ತು. ಹೊರಗೆ ಚೆಲ್ಲಿದ್ದು ಮಂದಿಗೆ ಕಂಡಿತು, ಒಳಗೆ ಚೆಲ್ಲಿದ್ದು ಗೋಣಿತಟ್ಟಿಗೆ ಇಳಿಯಿತು.

ಎರಡೂ ನಳಿ ಬದಲಿಸಿದ, ಹೊಸ ಕ್ಲಿಪ್ಪು ಹಾಕಿ ಬಿಗಿದ. ಮುಚ್ಚಳದೊಳಗಿನ ರಬ್ಬರ್ ಬಿಲ್ಲೆ ಕಲ್ಲಾಗಿತ್ತು, ಅದನ್ನೂ ಬದಲಿಸಿದ. ಗೋಣಿತಟ್ಟು, ಹಲಗೆ, ಬುಟ್ಟಿ ಎಲ್ಲ ಅಲ್ಲೇ ಬಿಸಾಡಿದೆ. ಹಿಂದಿನ ತಗಡನ್ನು ಸಾಬೂನು ನೀರಿನಲ್ಲಿ ನಾನೇ ತಿಕ್ಕಿದೆ, ಮತ್ತೆ ತಿಕ್ಕಿದೆ. ನಾತ ಹೋಯಿತೇ ಎಂದು ಅವನನ್ನು ಕೇಳಬೇಕಾಯಿತು. ಅವನು ನನ್ನ ಮುಖ ನೋಡಿ, ತಲೆ ಒಳಗೆ ಹಾಕಿ ಮೂಸಿ, ಹೋಗ್ಯಾದ ಮಾವಶಿ ಅಂದ. ಅಲ್ಲಿಂದ ಹತ್ತಿರದ ಪಂಪಿಗೆ ಹೋಗಿ, ನಿಧಾನ ಹಾಕು, ನಳಿಗೆ ತಾನೇ ನಿಂತ ಮೇಲೆ ಒಂದು ಹನಿಯೂ ಬೇಡ ಎಂದೆ. ಗುಳುಗುಳು ಆಗಲಿಲ್ಲ. ಒಂದು ಹನಿ ಚೆಲ್ಲಲಿಲ್ಲ. ಇಷ್ಟು ಸಣ್ಣ ಕೆಲಸ. ಮೊದಲ ಸಲ ಚೆಲ್ಲಿದಾಗಲೇ ಜಗಳ ಬಿಟ್ಟು ಗಾಡಿ ತೋರಿಸಿದ್ದರೆ ಆಗುತ್ತಿತ್ತು.

ಮನೆಗೆ ಬಂದಾಗ ಇನ್ನೂ ಮಧ್ಯಾಹ್ನ. ಅಕ್ಕ ಪಡಸಾಲೆಯಲ್ಲಿ ಮಠಕ್ಕೆ ಕಳಿಸುವ ಅಕ್ಕಿ ಆರಿಸುತ್ತ ಕೂತಿದ್ದಳು. ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡು ಬಂದಿದ್ದೆ. ತಪ್ಪು ಗಾಡಿಯದು ಎನ್ನಬೇಕು. ನಿನಗೆ ನಾತ ಬರಲಿಲ್ಲವೇ ಎಂದು ಕೇಳಿದರೆ ನೆಗಡಿಯಾಗಿತ್ತು ಎನ್ನಬೇಕು. ಎದುರು ಕೂತು, ಮೂಗಿನ ಮಾತೊಂದು ಬಿಟ್ಟು, ಪಂಪಿನಿಂದ ಆಕಳ ತನಕ ಎಲ್ಲ ಹೇಳಿದೆ. ಅಕ್ಕ ಅಕ್ಕಿಯ ಮೇಲೆ ಕೈ ಇಟ್ಟು ಕೇಳಿದಳು. ಮುಗಿದ ಮೇಲೆ ಆಕೆ ಕೇಳಿದ್ದು ಒಂದೇ ಮಾತು.

"ಅಂದ್ರ, ನನ್ನ ಕೈಗಿ ಏನೂ ಆಗಿಲ್ಲ?"

ಏನೂ ಆಗಿಲ್ಲ ಅಕ್ಕಾ ಅಂದೆ. ಅಕ್ಕ ಎರಡೂ ಅಂಗೈ ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ನೋಡಿದಳು, ಕಳೆದುಹೋದ ಸಾಮಾನು ಸಿಕ್ಕಿದ ಹಾಗೆ. ನಾನು ಇನ್ನೊಂದು ಪ್ರಶ್ನೆಗೆ ಕಾದೆ. ನೆಗಡಿಯ ಸುಳ್ಳು ನಾಲಗೆಯ ತುದಿಯಲ್ಲಿತ್ತು. ಅಕ್ಕ ಕೇಳಲಿಲ್ಲ. ಮತ್ತೆ ಅಕ್ಕಿ ಆರಿಸತೊಡಗಿದಳು. ಅಷ್ಟು ದಿನ ಅಷ್ಟು ಡೀಸೆಲ್ ಮೇಲೆ ಕೂತು ಓಡಾಡಿದವಳಿಗೆ ನಾತ ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳಬೇಕಲ್ಲ. ಕೇಳದಿದ್ದುದಕ್ಕೇ ನನಗೆ ತಡೆಯಲಾಗಲಿಲ್ಲ. ನನ್ನ ಮೂಗು ಸತ್ತಿದೆ ಅಕ್ಕಾ, ಆ ಬ್ಯಾನಿ ಬಂದಾಗಿನಿಂದ ಏನೂ ವಾಸನೆ ಬರುವುದಿಲ್ಲ ಎಂದುಬಿಟ್ಟೆ.

"ನನಗ ಗೊತ್ತದ," ಎಂದಳು ಅಕ್ಕ.

ಎಂದಿನಿಂದ ಎಂದು ಕೇಳಿದೆ. ಮೊದಲಿನಿಂದಲೇ ಗೊತ್ತಿತ್ತಂತೆ. ಹಾಲು ಹೊತ್ತಿ ಮನೆಯೆಲ್ಲ ನಾರುತ್ತಿದ್ದಾಗ ನಾನು ಒಲೆಯ ಪಕ್ಕದಲ್ಲೇ ಆರಾಮಾಗಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದೆನಂತೆ. ಅವತ್ತಿನಿಂದ ನಾನು ಮಾಡಿಟ್ಟ ಹಿಂಡಿ, ಖಾರದ ಪ್ರತಿ ಡಬ್ಬಿಯನ್ನೂ ಅಕ್ಕ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದಳು. ಶೇಂಗಾ ಕರಕಲಾಗಿದ್ದರೆ, ಕೊಬ್ಬರಿ ಕಮಟಾಗಿದ್ದರೆ, ನಾನು ವ್ಯಾನ್ ತೆಗೆದುಕೊಂಡು ಹೊರಗೆ ಹೋದ ಹೊತ್ತಿನಲ್ಲಿ ಅದನ್ನು ತಿಪ್ಪೆಗೆ ಹಾಕಿಸಿ, ತಾನೇ ಹೊಸದಾಗಿ ಹುರಿದು ಕುಟ್ಟಿ, ಅದೇ ಡಬ್ಬಿಗೆ ತುಂಬಿ ಇಡುತ್ತಿದ್ದಳು. ಮೊಣಕಾಲು ನೋವಿನ ಹೆಣ್ಣುಮಗಳು. ನನ್ನ ಹಿಂಡಿಯ ಬಗ್ಗೆ ಯಾರೂ ಏನೂ ಅನ್ನಲಿಲ್ಲ ಎಂದು ನಾನು ಬೀಗಿದ್ದೆನಲ್ಲ, ಅದು ಹೀಗೆ. ನನಗೆ ಹೇಳಬೇಕಿತ್ತಲ್ಲ ಅಕ್ಕಾ ಅಂದೆ.

"ಹೇಳಿದ್ರ ನೀ ಮುರದು ಬೀಳ್ತಿದ್ದಿ ತಂಗಿ. ಹೇಳಿ ಏನ್ ಮಾಡೂದಿತ್ತು?"

ಕೆಟ್ಟದ್ದು ನನ್ನಲ್ಲಿದೆ ಎಂದು ತಿಳಿದಾಗ ಆಕೆ ನನ್ನ ಬೆನ್ನ ಹಿಂದೆ ಅದನ್ನು ಸರಿಮಾಡಿ ಇಟ್ಟಳು. ಕೆಟ್ಟದ್ದು ಆಕೆಯಲ್ಲಿದೆ ಎಂದು ತಿಳಿದಾಗ ನಾನು ಚಪ್ಪಲಿ ಬಿಟ್ಟ ಕೂಡಲೇ ಬಾಗಿಲಲ್ಲಿ ನಿಂತು ಹೇಳಿದೆ. ಅದೂ ಇಲ್ಲದ ಕೆಟ್ಟದ್ದನ್ನು. ಅಕ್ಕ ಅಳುತ್ತಿದ್ದ ನನ್ನನ್ನು ಅಳಲು ಬಿಟ್ಟು, ಅಕ್ಕಿಯ ಮೊರವನ್ನು ಬದಿಗಿಟ್ಟಳು. ಜೋಳ ಬೀಸಿಸಿಕೊಂಡು ಬಾ, ಮಠಕ್ಕೆ ರೊಟ್ಟಿಯೇ ಹೋಗಲಿ ಅಂದಳು.

ಆ ಶ್ರಾವಣ ರೊಟ್ಟಿ ಹೋಯಿತು. ಹೊಸ ಬುಟ್ಟಿ, ಹೊಸ ಬಟ್ಟೆ. ಹೊರಡುವ ಮೊದಲು ಅಕ್ಕ ಕೋಲೂರಿಕೊಂಡು ಅಂಗಡಿಯ ಹಿಂದಿನವರೆಗೆ ಬಂದು, ವ್ಯಾನಿನೊಳಗೆ ತಲೆ ಹಾಕಿ ಮೂಸಿ, ಹೂಂ ಅಂದಳು. ನಾನು ಒಂದೊಂದೇ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಬಂದೆ. ಮಂದಿ ದೊಡ್ಡವರು, ಬಹುತೇಕರು ತಿರುಗಿ ಬಂದರು. ಈಗ ಡಬ್ಬಿಗಳನ್ನು ಅಕ್ಕ ನನ್ನ ಎದುರಿಗೇ ಮೂಸುತ್ತಾಳೆ, ಕರಕಲಾಗಿದ್ದರೆ ಎದುರಿಗೇ ಬೈಯುತ್ತಾಳೆ. ಪಂಪಿನವನು ಬಕೀಟು ತರುವುದನ್ನು ಬಿಟ್ಟಿದ್ದಾನೆ.

ಬಿಡದೆ ಉಳಿದದ್ದು ಒಂದೇ. ಬೆಳಿಗ್ಗೆ ಒಲೆಯ ಮುಂದೆ ಕೂತು, ಹಿಟ್ಟಿಗೆ ಕೈ ಹಾಕುವ ಮೊದಲು, ಅಕ್ಕ ಈಗಲೂ ಅಂಗೈಯನ್ನು ಮೂಗಿನ ಹತ್ತಿರ ಒಯ್ದು ಮೂಸಿ ನೋಡುತ್ತಾಳೆ. ನಾನು ಬಾಗಿಲಲ್ಲಿ ನಿಂತದ್ದು ಕಂಡರೆ, ಮುಖ ಒರೆಸಿಕೊಂಡವಳಂತೆ ಮಾಡಿ ಕೈ ಇಳಿಸುತ್ತಾಳೆ.